ನಿರ್ಜನ ಕಾಮಗಾರಿಗಳಲ್ಲಿ ಮದ್ಯದ ಪರವಾನಗಿ: ಬ್ರಿಟನ್ನಿನ ಅನುಭವ

ಆಡಳಿತ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡುವ ವಿದ್ಯಾರ್ಥಿಗಳಿಗೆ ೧೮೯೧ರ ‘ಶಾರ್ಪ್ ವಿರುದ್ಧ ವೇಕ್‌ಫೀಲ್ಡ್’ ಎಂಬ ಇಂಗ್ಲೆಂಡಿನ ಮೊಕದ್ದಮೆಯ ಹೆಸರು ಪರಿಚಿತವಾದುದೇ. ಅಧಿಕಾರಿಗೆ ವಿವೇಚನಾಧಿಕಾರವಿದೆಯೆಂದರೆ ಅವನು ಮನಬಂದಂತೆ ನಡೆಯಬಹುದೆಂದು ಅರ್ಥವಲ್ಲ, ಯುಕ್ತಿಗೂ ನ್ಯಾಯಕ್ಕೂ ಅನುಗುಣವಾಗಿ ನಡೆಯಬೇಕೆಂದು ಅರ್ಥ, ಎಂಬ ತತ್ತ್ವಕ್ಕಾಗಿ ನಮ್ಮ ದೇಶದ ನ್ಯಾಯಾಲಯಗಳೂ ಆ ತೀರ್ಪನ್ನು ಉದಾಹರಿಸುತ್ತ ಬಂದಿವೆ. ಆದರೆ ಆ ಮೊಕದ್ದಮೆ ಹುಟ್ಟಿದುದು ಯಾವ ಸಂಗತಿಯಿಂದ ಎಂಬುದನ್ನು ನೆನಪಿನಲ್ಲಿಟ್ಟುಕೊಂಡವರು ವಿರಳ. ವೆಸ್ಟ್‌ಮರ್ಲೆಂಡ್ ಪ್ರಾಂತದಲ್ಲಿ ಬೆಟ್ಟಗಳ ನಡುವೆ ಕೆಂಟ್‌ಮಿಯರ್ ಎಂಬ ಕಣಿವೆಯಿದೆ. ಅಲ್ಲಿದ್ದ ಒಂದು ಪಾನಗೃಹದ ಪರವಾನಗಿಯನ್ನು ನವೀಕರಿಸಲು ಮ್ಯಾಜಿಸ್ಟ್ರೇಟರು ನಿರಾಕರಿಸಿದರು. ಅವರು ಕೊಟ್ಟ ಕಾರಣಗಳು ಎರಡು: ಆ ಸ್ಥಳವು ಪೋಲೀಸರ ಮೇಲ್ವಿಚಾರಣೆಯಿಂದ ಬಹುದೂರದಲ್ಲಿದೆ ಎಂಬುದೊಂದು; ಆ ನೆರೆಹೊರೆಗೆ ಪಾನಗೃಹದ ಅವಶ್ಯಕತೆಯಿಲ್ಲ ಎಂಬುದು ಇನ್ನೊಂದು. ಲಾರ್ಡರ ಸಭೆಯು ಮ್ಯಾಜಿಸ್ಟ್ರೇಟರಿಗೆ ಹಾಗೆ ನಿರಾಕರಿಸುವ ಅಧಿಕಾರವುಂಟೆಂದು ಎತ್ತಿಹಿಡಿಯಿತು.

ಪೋಲೀಸು ಮತ್ತು ನೆರೆಹೊರೆ ಎಂಬ ಈ ಎರಡು ಮಾತುಗಳ ಮೇಲೆಯೇ ಇಂಗ್ಲೆಂಡಿನ ಮದ್ಯದ ಪರವಾನಗಿಯ ಕಟ್ಟಡವೆಲ್ಲ ನಿಂತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಊರಿದೆ, ಊರಿನಲ್ಲಿ ಗೃಹಸ್ಥರಿದ್ದಾರೆ, ಅವರ ಅಹವಾಲನ್ನು ಕೇಳುವ ಮ್ಯಾಜಿಸ್ಟ್ರೇಟನು ಸಮೀಪದಲ್ಲಿಯೇ ಇದ್ದಾನೆ, ತಪ್ಪು ನಡೆದರೆ ವರದಿಮಾಡಲು ಕಾನ್‌ಸ್ಟೇಬಲನಿದ್ದಾನೆ, ಇದಿಷ್ಟನ್ನೂ ಆ ಶಾಸನಗಳು ಮೊದಲೇ ಗೃಹೀತವೆಂದು ಭಾವಿಸಿದ್ದುವು. ಹೀಗಿರಲು, ಊರೇ ಇಲ್ಲದ ಬಯಲಿನಲ್ಲಿ, ಸುರಂಗ ಕೊರೆಯುವುದಕ್ಕಾಗಲಿ ಅಣೆಕಟ್ಟು ಕಟ್ಟುವುದಕ್ಕಾಗಲಿ ಒಮ್ಮೆಗೇ ಸಾವಿರಾರು ಮಂದಿ ಕೂಲಿಗಾರರು ಬಂದು ನೆಲಸಿದರೆ ಅಲ್ಲಿ ಮದ್ಯವನ್ನು ಮಾರುವವರು ಯಾರು, ಅವರಿಗೆ ಅನುಮತಿ ಕೊಡುವವರು ಯಾರು, ಅದರ ಲಾಭ ಹೋಗಬೇಕಾದುದು ಯಾರಿಗೆ ಎಂಬ ಪ್ರಶ್ನೆಗಳು ಏಳುತ್ತವೆ. ಕೃಷ್ಣರಾಜಸಾಗರದ ಅಣೆಕಟ್ಟನ್ನೂ ತುಂಗಭದ್ರೆಯ ಅಣೆಕಟ್ಟನ್ನೂ ಕಂಡವರಾದ ನಮ್ಮ ವಿದ್ಯಾರ್ಥಿಗಳು, ಕಟ್ಟಿಸಿದವರ ಹೆಸರನ್ನು ಬಲ್ಲರೇ ಹೊರತು, ಕಲ್ಲು ಹೊತ್ತವರು ಸಂಜೆಯಲ್ಲಿ ಎಲ್ಲಿಗೆ ಹೋಗುತ್ತಿದ್ದರೆಂದು ಕೇಳಿದವರಲ್ಲ. ಆ ಬಗೆಯ ಪ್ರಶ್ನೆಯನ್ನು ಕೇಳುವ ಕ್ರಮವೆಂತಹದೆಂಬುದನ್ನು ತೋರಿಸುವುದಕ್ಕಾಗಿ, ಸಾಧನಸಾಮಗ್ರಿ ಹೇರಳವಾಗಿ ದೊರೆಯುವ ಬ್ರಿಟನ್ನಿನ ಇತಿಹಾಸವನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ.

ಮೊದಲು ಆ ಕೂಲಿಗಾರರ ವಿಷಯ. ಹದಿನೆಂಟನೆಯ ಶತಮಾನದಲ್ಲಿ ಕಾಲುವೆಗಳನ್ನು ಅಗೆದವರಿಗೆ ಇಂಗ್ಲೆಂಡಿನಲ್ಲಿ ‘ನ್ಯಾವಿಗೇಟರು’ ಎಂದು ಹೆಸರಾಯಿತು. ಅದೇ ಸವೆದು ‘ನ್ಯಾವಿ’ ಎಂದಾಗಿ, ರೈಲುಮಾರ್ಗಗಳ ಕಾಲದಲ್ಲಿ ಒಂದು ಜನವರ್ಗದ ಹೆಸರಾಗಿಯೇ ನಿಂತಿತು. ೧೮೪೭ರ ಸುಮಾರಿಗೆ ರೈಲುಮಾರ್ಗಗಳನ್ನು ಕಟ್ಟುತ್ತಿದ್ದವರ ಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು. ಒಂದು ಕಾಮಗಾರಿ ಮುಗಿದೊಡನೆ ಇನ್ನೊಂದಕ್ಕೆ ನಡೆದುಹೋಗುವ ಇವರು ಯಾವ ಪ್ಯಾರಿಷ್ಷಿಗೂ ಸೇರಿದವರಾಗಿರಲಿಲ್ಲ. ಸುತ್ತಣ ರೈತರಿಗೆ ಇವರನ್ನು ಕಂಡರೆ ಭಯ, ಪಾದ್ರಿಗಳಿಗೆ ಜುಗುಪ್ಸೆ, ಅಂಗಡಿಕಾರರಿಗೆ ಮಾತ್ರ ಆಸೆ.

ಇವರ ಬದುಕಿನ ಕಡುಕಷ್ಟದ ಚಿತ್ರವನ್ನು ಮೊದಲಬಾರಿಗೆ ಸಾರ್ವಜನಿಕರ ಮುಂದಿಟ್ಟುದು ವುಡ್‌ಹೆಡ್ ಸುರಂಗದ ಪ್ರಕರಣ. ಮ್ಯಾಂಚೆಸ್ಟರಿಗೂ ಷೆಫೀಲ್ಡಿಗೂ ನಡುವೆ ಪೆನೈನ್ ಬೆಟ್ಟಗಳ ಒಡಲನ್ನು ಮೂರು ಮೈಲಿಗಳಷ್ಟು ಉದ್ದಕ್ಕೆ ಕೊರೆದ ಈ ಸುರಂಗವು ೧೮೪೫ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಮುಂದಿನ ತಿಂಗಳಿನಲ್ಲಿಯೇ, ಸಾರ್ವಜನಿಕ ಆರೋಗ್ಯದ ಸುಧಾರಕನೆಂದು ಖ್ಯಾತನಾದ ಎಡ್ವಿನ್ ಚಾಡ್ವಿಕ್ಕನು ಅಲ್ಲಿನ ಕೂಲಿಗಾರರ ದುಃಸ್ಥಿತಿಯನ್ನು ಕುರಿತ ಪ್ರಬಂಧವೊಂದನ್ನು ಮ್ಯಾಂಚೆಸ್ಟರಿನ ಸಂಖ್ಯಾಶಾಸ್ತ್ರ ಸಂಘದ ಮುಂದೆ ಮಂಡಿಸಿದನು. ಆ ಸುರಂಗದಲ್ಲಿ ಸತ್ತವರ ಮತ್ತು ಗಾಯಗೊಂಡವರ ಪ್ರಮಾಣವು ನೆಪೋಲಿಯನ್ನನ ಕಾಲದ ಮಹಾಯುದ್ಧಗಳಲ್ಲಿ ಸೈನಿಕರು ಸತ್ತ ಮತ್ತು ಗಾಯಗೊಂಡ ಪ್ರಮಾಣಕ್ಕೆ ಹೋಲುತ್ತದೆಯೆಂದು ಅವನು ಲೆಕ್ಕಹಾಕಿ ತೋರಿಸಿದ ಭಾಗವೇ ಹೆಚ್ಚು ಪ್ರಸಿದ್ಧವಾಗಿದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದಲ್ಲ. ಕೂಲಿಯನ್ನು ಹೇಗೆ ಕೊಡುತ್ತಿದ್ದರು, ಎಲ್ಲಿ ಕೊಡುತ್ತಿದ್ದರು, ಎಷ್ಟು ದಿನಗಳಿಗೊಮ್ಮೆ ಕೊಡುತ್ತಿದ್ದರು ಎಂಬ ಭಾಗವೇ ಇಲ್ಲಿ ಮುಖ್ಯ. ವುಡ್‌ಹೆಡ್ಡಿನಲ್ಲಿ ಒಂಬತ್ತು ವಾರಗಳಿಗೊಮ್ಮೆ ಬಟವಾಡೆ ನಡೆಯುತ್ತಿತ್ತು.

ಒಂಬತ್ತು ವಾರ ಬರಿಗೈಯಲ್ಲಿ ಬದುಕುವ ಕೂಲಿಗಾರನೆಲ್ಲಿದ್ದಾನೆ? ಆದಕಾರಣ ಗುತ್ತಿಗೆದಾರನು, ಅಥವಾ ಅವನ ಕೈಕೆಳಗಿನ ಉಪಗುತ್ತಿಗೆದಾರನು, ಬರಬೇಕಾದ ಕೂಲಿಯ ಮೇಲೆ ಮುಂಗಡವಾಗಿ ಚೀಟಿಗಳನ್ನು ಕೊಡುವನು. ಆ ಚೀಟಿ ನಡೆಯುವುದು ಒಂದೇ ಅಂಗಡಿಯಲ್ಲಿ. ‘ಟಾಮಿ ಅಂಗಡಿ’ ಎಂದು ಕರೆಯಲ್ಪಡುತ್ತಿದ್ದ ಆ ಅಂಗಡಿಯು ಎಷ್ಟೋ ವೇಳೆ ಗುತ್ತಿಗೆದಾರನದೇ, ಅಥವಾ ಅವನಿಗೆ ಪಾಲು ಸಲ್ಲಿಸುವವನದೇ ಆಗಿರುತ್ತಿತ್ತು. ಸರಕು ಕೀಳು, ಬೆಲೆ ಮೇಲು. ಚೀಟಿಗೆ ರೊಟ್ಟಿ ಮಾಂಸಗಳು ಬೇಡ, ಬಿಯರು ಬೇಕೆಂದವನಿಗೆ ಅದೂ ಸಿಕ್ಕುತ್ತಿತ್ತು. ಆದರೆ ಚೀಟಿಯ ಮುಖಬೆಲೆಯಲ್ಲಿ ಒಂದಂಶ ಕಡಿತವಾಗುತ್ತಿತ್ತು. ಕೊನೆಗೆ ಬಟವಾಡೆಯ ದಿನ ಬಂದಾಗ ಹಣವನ್ನು ಎಣಿಸಿಕೊಡುವ ಸ್ಥಳವೂ ಬಹುಮಟ್ಟಿಗೆ ಪಾನಗೃಹವೇ. ಚಿಲ್ಲರೆಗಾಗಿ ಕಾಯಿಸುವರು, ಕಾಯುವಷ್ಟು ಹೊತ್ತು ಕುಡಿಯುವರು. ಹೀಗೆ ಬಟವಾಡೆಯಾದ ಮೇಲೆ ಕೆಲವು ದಿನಗಳವರೆಗೆ ಕೆಲಸವೇ ನಿಂತುಹೋಗುತ್ತಿತ್ತು.

ಹಾಗಾದರೆ ಶಾಸನವಿರಲಿಲ್ಲವೆ ಎಂದು ಕೇಳಬಹುದು. ಇತ್ತು. ಕೂಲಿಯನ್ನು ಸರಕಿನ ರೂಪದಲ್ಲಿ ಕೊಡದೆ ನಾಣ್ಯದಲ್ಲಿಯೇ ಕೊಡತಕ್ಕದ್ದೆಂದು ೧೮೩೧ರ ‘ಟ್ರಕ್ ಶಾಸನ’ವು ವಿಧಿಸಿತ್ತು. ಆದರೆ ಆ ಶಾಸನವು ಅನ್ವಯವಾಗುವ ಉದ್ಯೋಗಗಳ ಪಟ್ಟಿಯೊಂದಿತ್ತು. ಅದರಲ್ಲಿ ರೈಲುಮಾರ್ಗದ ಕೂಲಿಗಾರರ ಹೆಸರಿರಲಿಲ್ಲ, ಏಕೆಂದರೆ ಪಟ್ಟಿಯನ್ನು ಬರೆದಾಗ ಆ ಉದ್ಯೋಗವೇ ಇನ್ನೂ ಕಣ್ಣು ಬಿಡುತ್ತಿತ್ತು. ಇತ್ತ ಮದ್ಯದ ಕಡೆಗೆ ನೋಡಿದರೆ, ೧೮೩೦ರ ಬಿಯರ್ ಗೃಹ ಶಾಸನದ ಪ್ರಕಾರ ಎರಡು ಗಿನಿಗಳ ಶುಲ್ಕವನ್ನು ಅಬಕಾರಿ ಇಲಾಖೆಗೆ ತೆತ್ತ ತೆರಿಗೆದಾರನು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆಯೇ ಬಿಯರನ್ನು ಮಾರಬಹುದಾಗಿತ್ತು. ಈ ಸಡಿಲಿಕೆಯನ್ನು ಬಿಗಿಗೊಳಿಸಿ ಮ್ಯಾಜಿಸ್ಟ್ರೇಟರ ಹತೋಟಿಯನ್ನು ಮರಳಿ ತಂದುದು ೧೮೬೯ರಲ್ಲಿ. ಅಷ್ಟು ಸುಲಭವಾದ ಪರವಾನಗಿಯನ್ನೂ ಪಡೆಯುವ ಗೋಜಿಗೆ ಹೋಗದವರು ಕಾಮಗಾರಿಗಳಲ್ಲಿ ಬೇಕಾದಷ್ಟಿದ್ದರು. ಹುಲ್ಲುಹೆಂಟೆ ಮತ್ತು ಕಲ್ಲುಗಳಿಂದ ಕಟ್ಟಿದ ಪ್ರತಿಯೊಂದು ಗುಡಿಸಿಲಿನ ಮೂಲೆಯಲ್ಲಿಯೂ ಒಂದು ಪೀಪಾಯಿ ಇರುತ್ತಿತ್ತು. ಗುಡಿಸಿಲಿನ ಯಜಮಾನಿಯು ತನ್ನ ಬಿಡಾರದವರಿಗೆ ಅದರಿಂದ ಅಳೆದು ಕೊಡುತ್ತಿದ್ದಳು. ಮೇಸ್ತ್ರಿಯೇ ಆ ಬಿಯರಿನ ವ್ಯಾಪಾರದಲ್ಲಿ ಪಾಲುಗಾರನಾಗಿದ್ದರಂತೂ ಕುಡಿಯದವನಿಗೆ ಕೆಲಸ ಸಿಕ್ಕುವುದೇ ದುರ್ಲಭವಾಗುತ್ತಿತ್ತು. ಕುಡಿತವು ಕೂಲಿಗಾರನ ದುರ್ಗುಣವೆಂದು ಉಪದೇಶಮಾಡುತ್ತಿದ್ದವರು ಈ ಕೊನೆಯ ಸಂಗತಿಯ ಮೇಲೆ ಎಷ್ಟು ಗಮನವಿಟ್ಟಿದ್ದರೆಂಬುದು ವಿಚಾರಾರ್ಹ.

ಚಾಡ್ವಿಕ್ಕನ ಪ್ರಬಂಧದ ಫಲವಾಗಿ ೧೮೪೬ರಲ್ಲಿ ಕಾಮನ್ಸ್ ಸಭೆಯು ರೈಲುಮಾರ್ಗದ ಕೂಲಿಗಾರರನ್ನು ಕುರಿತು ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಎಂಜಿನಿಯರ್ ಬ್ರೂನೆಲ್ಲನೂ ಮಹಾ ಗುತ್ತಿಗೆದಾರನಾದ ಸ್ಯಾಮ್ಯುಯಲ್ ಮಾರ್ಟನ್ ಪೀಟೋನೂ ಅದರ ಮುಂದೆ ಸಾಕ್ಷ್ಯ ನುಡಿದರು. ಪೀಟೋನ ಕ್ರಮ ಬೇರೆಯಾಗಿತ್ತು: ಅವನು ವಾರವಾರವೂ ನಗದು ಹಣವನ್ನೇ ಬಟವಾಡೆ ಮಾಡಿಸುತ್ತಿದ್ದನು. ಹಾಗೆ ಮಾಡಿಯೂ ಅವನು ದೊಡ್ಡ ಐಶ್ವರ್ಯವಂತನಾದುದರಿಂದ, ಟಾಮಿ ಅಂಗಡಿಯಿಲ್ಲದೆ ಕಾಮಗಾರಿ ನಡೆಯಲಾರದೆಂಬ ವಾದವು ತಾನಾಗಿಯೇ ಬಿದ್ದುಹೋಗುತ್ತದೆ. ಸಮಿತಿಯು ಟ್ರಕ್ ಶಾಸನವನ್ನು ವಿಸ್ತರಿಸಬೇಕೆಂದೂ, ಅಪಘಾತಗಳಿಗೆ ಕಂಪೆನಿಗಳನ್ನು ಹೊಣೆಮಾಡಬೇಕೆಂದೂ ಸಲಹೆಯಿತ್ತಿತು. ವರದಿಯು ಅಚ್ಚಾಯಿತು, ಸಭೆಯಲ್ಲಿ ಅದರ ಮೇಲೆ ಚರ್ಚೆಯೇ ನಡೆಯಲಿಲ್ಲ. ಗಣಿಯ ಕೂಲಿಗಾರರಿಗೆ ಪಾನಗೃಹದಲ್ಲಿ ಬಟವಾಡೆ ಮಾಡಕೂಡದೆಂಬ ನಿಷೇಧವು ೧೮೪೨ರಲ್ಲಿಯೇ ಬಂದಿತ್ತು. ಇತರ ಶ್ರಮಿಕರಿಗೆ ಅದು ಒದಗಿದುದು ೧೮೮೩ರಲ್ಲಿ. ಟ್ರಕ್ ಶಾಸನವು ಕೈಗೆಲಸದ ಶ್ರಮಿಕರೆಲ್ಲರಿಗೂ ವ್ಯಾಪಿಸಿದುದು ೧೮೮೭ರಲ್ಲಿ. ಅಂದರೆ ವರದಿ ಹೊರಬಿದ್ದ ನಲವತ್ತೊಂದು ವರ್ಷಗಳ ಮೇಲೆ! ಅಷ್ಟರಲ್ಲಿ ಬ್ರಿಟನ್ನಿನ ಮುಖ್ಯ ರೈಲುಮಾರ್ಗಗಳೆಲ್ಲ ಬಹುತೇಕ ಮುಗಿದುಹೋಗಿದ್ದುವು.

ಇಲ್ಲಿಯವರೆಗೆ ಹೇಳಿದುದರಿಂದ, ಕಾಮಗಾರಿಯ ಸ್ಥಳದಲ್ಲಿ ಮದ್ಯವನ್ನು ಸಂಪೂರ್ಣವಾಗಿ ನಿಷೇಧಿಸಿಬಿಟ್ಟರೆ ಸಮಸ್ಯೆಯೇ ಇರುತ್ತಿರಲಿಲ್ಲವೆಂದು ಪಾಠಕರಿಗೆ ತೋರಬಹುದು. ಕಾಲಾನುಕ್ರಮವನ್ನು ಸ್ವಲ್ಪ ಮೀರಿ, ಈ ಶಂಕೆಗೆ ಸ್ಕಾಟ್ಲೆಂಡಿನಿಂದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಕಿನ್‌ಲಾಕ್‌ಲೆವೆನ್ನಿನ ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುಚ್ಛಕ್ತಿಯನ್ನು ಒದಗಿಸುವ ಸಲುವಾಗಿ ಬ್ಲ್ಯಾಕ್‌ವಾಟರ್ ಅಣೆಕಟ್ಟನ್ನು ೧೯೦೫ರಿಂದ ೧೯೦೯ರವರೆಗೆ ಕಟ್ಟಿದರು. ಅಲ್ಲಿನ ನ್ಯಾವಿಗಳು ಬೆಟ್ಟವನ್ನೂ ಜೌಗುಬಯಲನ್ನೂ ದಾಟಿ, ಮೈಲಿಗಟ್ಟಲೆ ನಡೆದು, ಗ್ಲೆನ್‌ಕೋ ಬಳಿಯ ಕಿಂಗ್ಸ್‌ಹೌಸ್ ಎಂಬ ಹಳೆಯ ಛತ್ರಕ್ಕೆ ಕುಡಿಯಲು ಹೋಗುತ್ತಿದ್ದರು. ಹೋಗುವಾಗ ಹಗಲು, ಹಿಂದಿರುಗುವಾಗ ಕತ್ತಲೆ, ಚಳಿಗಾಲವಾದರೆ ಹಿಮ. ದಾರಿಯಲ್ಲಿ ಬಿದ್ದು ಹೆಪ್ಪುಗಟ್ಟಿ ಸತ್ತವರ ದೇಹಗಳು ಹಿಮ ಕರಗಿದ ಮೇಲೆ ದೊರೆಯುತ್ತಿದ್ದುವೆಂಬ ಸ್ಮರಣೆ ಆ ಪ್ರದೇಶದಲ್ಲಿ ಇಂದಿಗೂ ಉಳಿದಿದೆ. ಅಣೆಕಟ್ಟಿನ ಕೆಳಗೆ ಕಾಂಕ್ರೀಟಿನ ತಲೆಗಲ್ಲುಗಳುಳ್ಳ ಸಣ್ಣ ಸ್ಮಶಾನವೊಂದಿದೆ. ಅಲ್ಲಿರುವ ಸುಮಾರು ಇಪ್ಪತ್ತು ಸಮಾಧಿಗಳಲ್ಲಿ ಕೆಲವಕ್ಕೆ ಹೆಸರೂ ಇಲ್ಲ. ಈ ಕಾಮಗಾರಿಯಲ್ಲಿ ಸ್ವತಃ ದುಡಿದ ಪ್ಯಾಟ್ರಿಕ್ ಮೆಕ್‌ಗಿಲ್ ೧೯೧೪ರಲ್ಲಿ ಪ್ರಕಟಿಸಿದ ‘ಚಿಲ್ಡ್ರನ್ ಆಫ್ ದಿ ಡೆಡ್ ಎಂಡ್’ ಎಂಬ ಆತ್ಮಕಥಾರೂಪದ ಗ್ರಂಥದಿಂದ ನ್ಯಾವಿಯ ಜೀವನವು ಒಳಗಿನಿಂದ ಕಾಣಸಿಗುತ್ತದೆ. ಇತಿಹಾಸಕಾರನಿಗೆ ಇದು ಅಪೂರ್ವ ಲಾಭ. ಏಕೆಂದರೆ ನ್ಯಾವಿಗಳನ್ನು ಕುರಿತ ಇತರ ಬರಹಗಳೆಲ್ಲ ಎಂಜಿನಿಯರರು, ಧರ್ಮಪ್ರಚಾರಕರು, ಪಾರ್ಲಿಮೆಂಟಿನ ಸದಸ್ಯರು ಬರೆದವು. ಅವರೆಲ್ಲರೂ ಸಂಜೆಯಾದೊಡನೆ ತಮ್ಮ ತಮ್ಮ ಮನೆಗೆ ಹಿಂದಿರುಗುವವರು.

ದೂರದಲ್ಲಿರುವ ಛತ್ರವು ಕೊಲ್ಲುತ್ತದೆ, ಹತ್ತಿರದಲ್ಲಿರುವ ಗುತ್ತಿಗೆದಾರನ ಅಂಗಡಿ ಸುಲಿಯುತ್ತದೆ. ಈ ಎರಡರ ನಡುವೆ ಮೂರನೆಯ ಮಾರ್ಗವೊಂದುಂಟೆಂಬ ಯೋಚನೆಯು ಬ್ರಿಟನ್ನಿಗೆ ಸ್ವೀಡನ್ ದೇಶದಿಂದ ಬಂದಿತು. ಗೋಥೆನ್‌ಬರ್ಗ್ ಪಟ್ಟಣದಲ್ಲಿ ೧೮೬೫ರಲ್ಲಿ ಒಂದು ಕಂಪೆನಿ ಸ್ಥಾಪಿತವಾಗಿ, ಊರಿನ ತೀಕ್ಷ್ಣ ಮದ್ಯದ ಮಾರಾಟದ ಪರವಾನಗಿಗಳನ್ನು ವಹಿಸಿಕೊಂಡಿತು. ಷೇರುದಾರರಿಗೆ ಮಿತವಾದ ಬಡ್ಡಿಯಷ್ಟೇ ಸಲ್ಲತಕ್ಕದ್ದು. ಮಿಕ್ಕ ಲಾಭವೆಲ್ಲ ಸಾರ್ವಜನಿಕ ಹಿತಕ್ಕೆ ಹೋಗತಕ್ಕದ್ದು. ಅಂಗಡಿಯನ್ನು ನಡೆಸುವವನಿಗೆ ಮದ್ಯದ ಮಾರಾಟದ ಮೇಲೆ ಯಾವ ಲಾಭವೂ ಇರಕೂಡದು. ಇದು ಅದರ ಸೂತ್ರ. ‘ನಿರ್ಲಿಪ್ತ ನಿರ್ವಹಣೆ’ ಎಂದು ಇದನ್ನು ಕನ್ನಡದಲ್ಲಿ ಕರೆಯಬಹುದೆಂದು ನಮಗೆ ತೋರುತ್ತದೆ. ಹೆಚ್ಚು ಮಾರಿದರೆ ಹೆಚ್ಚು ಲಾಭವೆಂಬ ಪ್ರೇರಣೆಯನ್ನು ಮಾರುವವನ ಮನಸ್ಸಿನಿಂದ ತೆಗೆದುಬಿಟ್ಟರೆ, ಬಾಲಕನಿಗೂ ಅಮಲೇರಿದವನಿಗೂ ಇಲ್ಲವೆಂದು ಹೇಳುವ ಧೈರ್ಯ ಅವನಿಗೆ ತಾನಾಗಿ ಬರುತ್ತದೆಂಬುದು ಇದರ ಒಳತಿರುಳು.

ಬರ್ಮಿಂಗ್‌ಹ್ಯಾಂ ನಗರದ ಮೇಯರನಾಗಿ ಅನಿಲ ಮತ್ತು ನೀರಿನ ಸರಬರಾಜುಗಳನ್ನು ಖಾಸಗಿ ಕಂಪೆನಿಗಳಿಂದ ಕೊಂಡು ನಗರಸಭೆಯ ವಶಕ್ಕೆ ತಂದ ಜೋಸೆಫ್ ಚೇಂಬರ್‌ಲೇನನು ೧೮೭೬ರಲ್ಲಿ ಗೋಥೆನ್‌ಬರ್ಗಿಗೆ ಹೋಗಿ ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡನು. ನಗರಸಭೆಗಳು ಪಾನಗೃಹಗಳ ಪರವಾನಗಿಗಳನ್ನು ಕೊಂಡುಕೊಳ್ಳಲು ಅಧಿಕಾರವಿರಬೇಕೆಂಬ ಗೊತ್ತುವಳಿಯನ್ನು ೧೮೭೭ರಲ್ಲಿ ಕಾಮನ್ಸ್ ಸಭೆಯ ಮುಂದಿಟ್ಟನು. ಅದು ಬಿದ್ದುಹೋಯಿತು. ಮದ್ಯವ್ಯಾಪಾರಿಗಳು ವಿರೋಧಿಸಿದುದು ಸಹಜ. ಪೂರ್ಣ ನಿಷೇಧವಾದಿಗಳೂ ಇಂತಹ ಯೋಜನೆಗಳಿಗೆ ವಿರೋಧಿಗಳಾಗಿದ್ದರು. ಪಾಪದ ವ್ಯಾಪಾರದಲ್ಲಿ ಊರಿನ ತೆರಿಗೆದಾರನನ್ನು ಪಾಲುಗಾರನನ್ನಾಗಿ ಮಾಡುವುದು ಅವರಿಗೆ ಸರ್ವಥಾ ಸಮ್ಮತವಾಗಿರಲಿಲ್ಲ. ಊರಿನಲ್ಲಿ ಸಾಧ್ಯವಾಗದುದನ್ನು ಅದೇ ಬರ್ಮಿಂಗ್‌ಹ್ಯಾಂ ನಗರಸಭೆಯು ಇಪ್ಪತ್ತು ವರ್ಷಗಳೊಳಗಾಗಿ ಊರಿಲ್ಲದ ಸ್ಥಳದಲ್ಲಿ ಸಾಧಿಸಿತು. ಇವೆರಡಕ್ಕೂ ಸಂಬಂಧವಿದೆಯೆಂದು ಭಾವಿಸುವುದು ನಮ್ಮ ಊಹೆಯಾದರೂ ಅಸಂಗತವಲ್ಲ.

ಆ ಸ್ಥಳವೇ ವೇಲ್ಸಿನ ಎಲಾನ್ ಕಣಿವೆ. ಬರ್ಮಿಂಗ್‌ಹ್ಯಾಮಿಗೆ ಕುಡಿಯುವ ನೀರನ್ನು ತರಲು ೧೮೯೨ರಲ್ಲಿ ಶಾಸನವಾಯಿತು. ಮರುವರ್ಷ ಜೇಮ್ಸ್ ಮ್ಯಾನ್ಸರ್ಗನ ಯೋಜನೆಯ ಮೇರೆಗೆ ಅಣೆಕಟ್ಟುಗಳ ಕೆಲಸ ಮೊದಲಾಯಿತು. ಅಲ್ಲಿಂದ ೭೩ ಮೈಲಿಗಳ ಕಾಲುವೆಯಲ್ಲಿ, ಯಂತ್ರದ ಸಹಾಯವಿಲ್ಲದೆ, ನೀರು ತನ್ನ ಇಳಿಜಾರಿನಿಂದಲೇ ನಗರಕ್ಕೆ ಹರಿದುಬರುತ್ತದೆ. ೧೯೦೪ರ ಜುಲೈ ೨೧ರಂದು ಏಳನೆಯ ಎಡ್ವರ್ಡ್ ದೊರೆಯು ಇದರ ಪ್ರಾರಂಭೋತ್ಸವವನ್ನು ನೆರವೇರಿಸಿದನು. ಎಂಜಿನಿಯರಿಂಗಿನ ಈ ಸಾಹಸವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ; ಕೂಲಿಗಾರರ ವಸತಿಗಾಗಿ ನಗರಸಭೆಯು ನದಿಯ ಆಚೆಯ ದಡದಲ್ಲಿ ಕಟ್ಟಿದ ಮರದ ಮನೆಗಳ ಗ್ರಾಮದ ಕಡೆಗೆ ಹೊರಳೋಣ.

ಈ ಗ್ರಾಮಕ್ಕೆ ಹೋಗಲು ಒಂದು ತೂಗುಸೇತುವೆಯನ್ನು ದಾಟಬೇಕಾಗಿತ್ತು. ಸೇತುವೆಯಲ್ಲಿ ಕಾವಲುಗಾರನಿದ್ದನು. ಅಪ್ಪಣೆಯಿಲ್ಲದ ಅಪರಿಚಿತರನ್ನೂ ಕಳ್ಳತನದಿಂದ ಒಳಕ್ಕೆ ಬರುವ ಮದ್ಯವನ್ನೂ ತಡೆಯುವುದು ಅವನ ಕೆಲಸ. ಹೊಸದಾಗಿ ಕೆಲಸಕ್ಕೆ ಬಂದವನು ಮೊದಲ ರಾತ್ರಿಯನ್ನು ಸೇತುವೆಯ ಈಚೆಯ ತಂಗುದಾಣದಲ್ಲಿಯೇ ಕಳೆಯಬೇಕು. ಅಲ್ಲಿ ಅವನ ಮೈಯ ಹೇನುಗಳನ್ನು ನಿವಾರಿಸಿ, ಅಂಟುಜಾಡ್ಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲಲ್ಲದೆ ಗ್ರಾಮಪ್ರವೇಶವಿಲ್ಲ. ಗ್ರಾಮದಲ್ಲಿ ಶಾಲೆಯಿತ್ತು, ಗಾಯಾಳುಗಳಿಗೊಂದು, ಅಂಟುಜಾಡ್ಯದವರಿಗೊಂದು ಆಸ್ಪತ್ರೆಯಿತ್ತು, ಸ್ನಾನಗೃಹವಿತ್ತು, ಬೀದಿಗಳಲ್ಲಿ ವಿದ್ಯುದ್ದೀಪಗಳೂ ಇದ್ದುವು. ಇವುಗಳ ನಡುವೆ ಒಂದು ಕ್ಯಾಂಟೀನು ಇದ್ದಿತು. ಗಂಡಸರಿಗೆ ಮಾತ್ರ ಮೀಸಲಾಗಿದ್ದ ಆ ಕ್ಯಾಂಟೀನಿನಲ್ಲಿ ನಿಗದಿಯಾದ ವೇಳೆಗಳಲ್ಲಿ ಬಿಯರನ್ನು ಮಾರುತ್ತಿದ್ದರು. ಮಾರುತ್ತಿದ್ದವನು ನಗರಸಭೆಯ ಸಂಬಳದ ನೌಕರ. ಒಂದು ಪೀಪಾಯಿ ಖರ್ಚಾದರೂ ಹತ್ತು ಪೀಪಾಯಿ ಖರ್ಚಾದರೂ ಅವನ ಸಂಬಳದಲ್ಲಿ ಒಂದು ಪೆನ್ನಿಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಲಾಭದ ಹಣವು ಗ್ರಾಮದ ಹಿತಕಾರ್ಯಗಳಿಗೆ ವಿನಿಯೋಗವಾಗುತ್ತಿತ್ತು.

ವುಡ್‌ಹೆಡ್ಡಿನ ಗುಡಿಸಿಲಿಗೂ ಈ ಕ್ಯಾಂಟೀನಿಗೂ ಇರುವ ಅಂತರವನ್ನು ಗಮನಿಸಬೇಕು. ಎರಡೂ ಕಡೆ ಕುಡಿಯುವವನು ಅದೇ ನ್ಯಾವಿ, ಪಾನೀಯವೂ ಅದೇ ಬಿಯರು. ಅಲ್ಲಿ ಮೇಸ್ತ್ರಿಗೆ ಬಿಯರಿನಲ್ಲಿ ಪಾಲಿತ್ತು, ಇಲ್ಲಿ ಯಾರಿಗೂ ಇರಲಿಲ್ಲ. ಕೆಂಟ್‌ಮಿಯರಿನಲ್ಲಿ ಮ್ಯಾಜಿಸ್ಟ್ರೇಟರು ಇಲ್ಲವೆಂದು ಕಂಡ ಪೋಲೀಸು ಮತ್ತು ನೆರೆಹೊರೆಗಳೆರಡನ್ನೂ ಬರ್ಮಿಂಗ್‌ಹ್ಯಾಂ ನಗರಸಭೆಯು ಎಲಾನಿನಲ್ಲಿ ತಾನೇ ನಿರ್ಮಿಸಿಕೊಟ್ಟಿತೆಂದು ಹೇಳಬಹುದು: ಪೋಲೀಸಿನ ಬದಲಿಗೆ ಸೇತುವೆಯ ಕಾವಲುಗಾರ, ನೆರೆಹೊರೆಯ ಬದಲಿಗೆ ಶಾಲೆ ಆಸ್ಪತ್ರೆಗಳುಳ್ಳ ಕೃತಕ ಗ್ರಾಮ. ಈ ಗ್ರಾಮದ ಮೂರು ಮೈಲಿ ಆಚೆಯಲ್ಲಿಯೇ ರಾಯಡರ್ ಪಟ್ಟಣವೂ ಅದರ ಪಾನಗೃಹಗಳೂ ಇದ್ದುವೆಂಬುದನ್ನೂ ಮರೆಯಬಾರದು. ನಗರಸಭೆಯ ನಿಯಮಗಳು ಸೇತುವೆಯಲ್ಲಿಗೆ ಮುಗಿಯುತ್ತಿದ್ದುವು. ನ್ಯಾವಿಯ ಕಾಲುಗಳು ಅಲ್ಲಿಗೆ ನಿಲ್ಲಬೇಕೆಂಬ ನಿರ್ಬಂಧವೇನೂ ಇರಲಿಲ್ಲ.

ಎಲಾನಿನ ವ್ಯವಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಮಗೆ ಎರಡು ಆಕ್ಷೇಪಗಳಿವೆ. ಆ ಗ್ರಾಮದಲ್ಲಿ ಕೂಲಿಗಾರನ ಮನೆಯ ಒಡೆಯನೂ, ಕೂಲಿ ಕೊಡುವವನೂ, ಮಕ್ಕಳ ಶಾಲೆಯನ್ನು ನಡೆಸುವವನೂ, ಮದ್ಯವನ್ನು ಅಳೆದುಕೊಡುವವನೂ ಒಬ್ಬನೇ ಆಗಿದ್ದನು. ಒಡೆಯನು ಒಳ್ಳೆಯವನಾಗಿದ್ದುದರಿಂದ ಅದು ಹಿತವಾಗಿ ಪರಿಣಮಿಸಿತು. ಆದರೆ ನಿಯಮಗಳನ್ನು ರಚಿಸುವಾಗ ನ್ಯಾವಿಯನ್ನು ಯಾರೂ ಕೇಳಲಿಲ್ಲ. ಸ್ನಾನಗೃಹವು ಗಂಡಸರಿಗೆ ವಾರದಲ್ಲಿ ಮೂರು ಸಲ, ಹೆಂಗಸರಿಗೆ ಒಂದೇ ಸಲ ತೆರೆದಿರುತ್ತಿತ್ತೆಂಬ ಅಲ್ಪ ವಿವರದಿಂದಲೇ ಯಾರ ಅನುಕೂಲವನ್ನು ಕುರಿತು ಎಷ್ಟು ಯೋಚಿಸಲಾಗಿತ್ತೆಂಬುದು ವಿದಿತವಾಗುತ್ತದೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಹನವಾದುದು. ಮಾರುವವನಿಗೆ ಲಾಭವಿಲ್ಲ, ನಿಜ. ಆದರೆ ಬಿಯರಿನ ಲಾಭದಿಂದ ವಾಚನಾಲಯವು ನಡೆಯುವುದಾದರೆ, ಬಿಯರು ಖರ್ಚಾಗಬೇಕೆಂಬ ಆಸೆ ವಾಚನಾಲಯದ ಸಮಿತಿಗೆ ಹುಟ್ಟುವುದಿಲ್ಲವೆ? ಗೋಥೆನ್‌ಬರ್ಗಿನ ಟೀಕಾಕಾರರು ಹೇಳಿದುದೂ ಇದನ್ನೇ: ಪಾನಗೃಹದ ಲಾಭದಿಂದ ಪೌರ ತೆರಿಗೆ ಹಗುರವಾಗುವುದಾದರೆ ಕುಡಿತವು ಕಡಿಮೆಯಾಗುವುದು ಯಾವ ಪೌರನಿಗೂ ಬೇಡವಾಗುತ್ತದೆ. ಜೋಸೆಫ್ ರೌನ್‌ಟ್ರೀ ಮತ್ತು ಆರ್ಥರ್ ಷೆರ್ವೆಲ್ ಎಂಬವರು ೧೮೯೯ರಲ್ಲಿ ಪ್ರಕಟಿಸಿದ ಪಾನಸಮಸ್ಯೆಯನ್ನು ಕುರಿತ ಬೃಹದ್ಗ್ರಂಥದಲ್ಲಿ ಈ ತೊಡಕಿನೊಡನೆ ದೀರ್ಘವಾಗಿ ಸೆಣಸಿದ್ದಾರೆ. ನಮ್ಮ ನಾಡಿನವರಿಗೆ ಈ ತೊಡಕು ಹೊಸದೇನಲ್ಲ. ಸಾರಾಯಿಯ ಮಾರಾಟದ ಹಕ್ಕನ್ನು ಹರಾಜಿನಲ್ಲಿ ಅತ್ಯಧಿಕ ಮೊತ್ತ ಕೂಗಿದವನಿಗೆ ಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆಯಿತು. ಕೂಗಿದ ಮೊತ್ತವನ್ನು ಗುತ್ತಿಗೆದಾರನು ಕುಡಿಯುವವರಿಂದಲ್ಲದೆ ಇನ್ನಾರಿಂದ ಹಿಂದಕ್ಕೆ ಪಡೆಯಬೇಕಾಗಿತ್ತು? ೨೦೦೭ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಅಬಕಾರಿ ವರಮಾನದ ಮೇಲಿನ ಸರ್ಕಾರದ ಆಶ್ರಯ ಮಾತ್ರ ನಿಲ್ಲಲಿಲ್ಲ. ಇರಲಿ, ಇದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಎಲಾನಿನಲ್ಲಿ ಒಂದು ಕಣಿವೆಗೆ ಸೀಮಿತವಾಗಿದ್ದ ಪ್ರಯೋಗವನ್ನು ಇಡೀ ಒಂದು ಪ್ರಾಂತಕ್ಕೆ ಹರಡಿದುದು ಪ್ರಥಮ ಮಹಾಯುದ್ಧ. ೧೯೧೫ರ ವಸಂತದಲ್ಲಿ ರಣರಂಗದಲ್ಲಿ ತೋಪಿನ ಗುಂಡುಗಳ ಅಭಾವ ತಲೆದೋರಿತು. ಅದನ್ನು ಪರಿಹರಿಸಲೋಸುಗ ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಗಡಿಯಲ್ಲಿ, ಗ್ರೆಟ್ನಾ ಎಂಬಲ್ಲಿ, ಒಂಬತ್ತು ಮೈಲಿಗಳ ಉದ್ದಕ್ಕೂ ಹಬ್ಬಿದ ಕಾರ್ಡೈಟ್ ಸಿಡಿಮದ್ದಿನ ಕಾರ್ಖಾನೆಯೊಂದನ್ನು ಸರ್ಕಾರವು ಕಟ್ಟಿಸಿತು. ಅಪಾಯದ ದೃಷ್ಟಿಯಿಂದ ಊರುಗಳಿಂದ ದೂರದ ಸ್ಥಳವನ್ನೇ ಬೇಕೆಂದು ಆರಿಸಲಾಗಿತ್ತು. ಕಟ್ಟುವುದಕ್ಕೆ ಸುಮಾರು ಹತ್ತು ಸಾವಿರ ನ್ಯಾವಿಗಳು ಬಂದರು. ಕಟ್ಟಿದ ಮೇಲೆ ಕೆಲಸಕ್ಕೆ ನಿಂತವರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ತರುಣಿಯರು. ನ್ಯಾವಿಗಳಿಗೆ ಯುದ್ಧಕಾಲದ ಕೂಲಿ ಕೈತುಂಬ ಬರುತ್ತಿತ್ತು. ಅದನ್ನು ವೆಚ್ಚಮಾಡಲು ಕಾಮಗಾರಿಯ ಬಳಿ ಏನೂ ಇರಲಿಲ್ಲ. ಸಂಜೆಯ ರೈಲು ಹತ್ತಿದರೆ ಕಾರ್ಲೈಲ್ ನಗರ. ರೈಲು ಬರುವ ವೇಳೆಗೆ ನಿಲ್ದಾಣದ ಬಳಿಯ ಪಾನಗೃಹಗಳಲ್ಲಿ ವಿಸ್ಕಿಯ ಲೋಟಗಳನ್ನು ನೂರುಗಟ್ಟಲೆ ಮೊದಲೇ ತುಂಬಿ ಸಾಲಾಗಿ ಇಟ್ಟಿರುತ್ತಿದ್ದರಂತೆ. ಆ ನಗರದಲ್ಲಿ ಪಾನಮತ್ತತೆಗಾಗಿ ಶಿಕ್ಷೆ ಹೊಂದಿದವರು ೧೯೧೫ರಲ್ಲಿ ೨೭೭ ಮಂದಿ. ೧೯೧೬ರಲ್ಲಿ ೯೫೩ ಮಂದಿ.

ಯುದ್ಧಸಾಮಗ್ರಿಯ ಉತ್ಪಾದನೆಗೆ ಕುಡಿತವು ಅಡ್ಡಿಯಾಗದಂತೆ ನೋಡಿಕೊಳ್ಳುವುದಕ್ಕೆ ೧೯೧೫ರ ಮೇ ತಿಂಗಳಿನ ಶಾಸನದಂತೆ ಮದ್ಯವ್ಯಾಪಾರ ನಿಯಂತ್ರಣದ ಕೇಂದ್ರಮಂಡಲಿಯು ಸ್ಥಾಪಿತವಾಗಿದ್ದಿತು. ಲಾರ್ಡ್ ಡಾಬರ್ನನ್ ಅದರ ಅಧ್ಯಕ್ಷ. ಪಾನಗೃಹಗಳು ತೆರೆದಿರುವ ವೇಳೆಯನ್ನು ದಿನಕ್ಕೆ ಐದೂವರೆ ಗಂಟೆಗಳಿ­ಗೆ ಇಳಿಸಿದುದು, ಒಬ್ಬರು ಮತ್ತೊಬ್ಬರಿಗೆ ಕುಡಿಸುವುದನ್ನು ನಿಷೇಧಿಸಿದುದು, ಕಾರ್ಖಾನೆಗಳಲ್ಲಿ ಊಟದ ಕ್ಯಾಂಟೀನುಗಳಿಗೆ ಪ್ರೋತ್ಸಾಹವಿತ್ತುದು, ಇವೆಲ್ಲ ಮಂಡಲಿಯ ಕಾರ್ಯಗಳು. ಗ್ರೆಟ್ನಾ ಕಾರ್ಲೈಲ್ ಪ್ರದೇಶದಲ್ಲಿ ಅದು ಇನ್ನೂ ಮುಂದೆ ಹೋಗಿ, ೧೯೧೬ರಲ್ಲಿ ಪಾನಗೃಹಗಳನ್ನೂ ಬಿಯರು ತಯಾರಿಸುವ ಬಟ್ಟಿಗಳನ್ನೂ ಸರ್ಕಾರದ ಪರವಾಗಿ ಕೊಂಡುಬಿಟ್ಟಿತು. ಅನೇಕ ಪಾನಗೃಹಗಳನ್ನು ಮುಚ್ಚಲಾಯಿತು. ಉಳಿದವುಗಳ ವ್ಯವಸ್ಥಾಪಕರಿಗೆ ನಿಶ್ಚಿತ ಸಂಬಳವಿತ್ತು. ಅದರ ಮೇಲೆ ಕಮಿಷನ್ ಬೇಕೆನ್ನುವವರಿಗೆ ಅದೂ ಇತ್ತು, ಆದರೆ ಊಟದ ಮೇಲೆ ಮತ್ತು ಮದ್ಯವಲ್ಲದ ಪಾನೀಯಗಳ ಮೇಲೆ ಮಾತ್ರ. ಎಲಾನಿನ ಸೂತ್ರವು ಇಲ್ಲಿ ತಿರುಗುಮುರುಗಾಗಿ ಇನ್ನೂ ಜಾಣತನದಿಂದ ಕೂಡಿತ್ತು: ಗಿರಾಕಿಗೆ ಉಣಬಡಿಸಿದರೆ ಲಾಭ, ಕುಡಿಸಿದರೆ ಇಲ್ಲ. ಕಾರ್ಲೈಲಿನ ಹಳೆಯ ಅಂಚೆಕಚೇರಿಯ ಕಟ್ಟಡದಲ್ಲಿ ೧೯೧೬ರ ಜುಲೈಯಲ್ಲಿ ‘ಗ್ರೆಟ್ನಾ ಟ್ಯಾವರ್ನ್’ ಎಂಬ ಹೊಸ ಬಗೆಯ ಪಾನಗೃಹವನ್ನು ತೆರೆದರು. ಅಲ್ಲಿ ಮೇಜುಗಳ ಮುಂದೆ ಕುಳಿತು ಊಟಮಾಡಬಹುದಾಗಿತ್ತು. ಶನಿವಾರಗಳಲ್ಲಿ ತೀಕ್ಷ್ಣ ಮದ್ಯದ ಮಾರಾಟವನ್ನು ನಿಲ್ಲಿಸಿದರು. ಬಟವಾಡೆಯ ದಿನದ ಹಳೆಯ ಪಾಠ ಮರೆತಿರಲಿಲ್ಲವೆಂದು ಕಾಣುತ್ತದೆ.

ಕಾರ್ಲೈಲಿನ ಶಿಕ್ಷೆಗಳ ಸಂಖ್ಯೆ ೧೯೧೭ರಲ್ಲಿ ೩೨೦ಕ್ಕೂ ೧೯೧೮ರಲ್ಲಿ ೮೦ಕ್ಕೂ ಇಳಿಯಿತು. ವ್ಯವಸ್ಥೆಯ ಪಕ್ಷಪಾತಿಗಳು ಈ ಅಂಕಿಗಳನ್ನು ಬಾವುಟದಂತೆ ಹಾರಿಸಿದ್ದಾರೆ. ಆದರೆ ಅಂಕಿಗಳನ್ನು ಓದುವ ಅಭ್ಯಾಸವುಳ್ಳವರು ತುಸು ತಡೆಯಬೇಕು. ಕಾರ್ಖಾನೆಯ ಕಟ್ಟಡ ಮುಗಿಯುತ್ತಲೂ ನ್ಯಾವಿಗಳಲ್ಲಿ ಬಹುಮಂದಿ ಹೊರಟುಹೋದರು. ದೇಶದಲ್ಲೆಲ್ಲ ಬಿಯರು ತೆಳುವಾಯಿತು, ದುರ್ಲಭವೂ ಆಯಿತು. ಯಾವ ಸರ್ಕಾರಿ ಪಾನಗೃಹವೂ ಇಲ್ಲದ ಊರುಗಳಲ್ಲಿಯೂ ಕುಡಿತದ ಶಿಕ್ಷೆಗಳು ಇಳಿದುವು. ಇಂಗ್ಲೆಂಡ್ ಮತ್ತು ವೇಲ್ಸುಗಳನ್ನು ಒಟ್ಟಾರೆ ನೋಡಿದರೆ ೧೯೧೪ರಲ್ಲಿ ಸುಮಾರು ೧,೮೪,೦೦೦ ಇದ್ದ ಸಂಖ್ಯೆ ೧೯೧೮ರ ವೇಳೆಗೆ ಸುಮಾರು ೨೯,೦೦೦ಕ್ಕೆ ಬಂದಿತ್ತು. ಆದಕಾರಣ ಕಾರ್ಲೈಲಿನ ಇಳಿತದಲ್ಲಿ ಸರ್ಕಾರಿ ಒಡೆತನದ ಪಾಲೆಷ್ಟು, ಉಳಿದ ಕಾರಣಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ೧೯೧೬ರ ಏರಿಕೆಗೆ ಕಾರಣವು ಸ್ಪಷ್ಟವಾಗಿದೆಯೆಂಬುದಷ್ಟೇ ನಿಸ್ಸಂದೇಹ: ಸಾವಿರಾರು ಗಂಡಸರನ್ನು ಮನೆಮಾರುಗಳಿಂದ ದೂರ ತಂದು, ಕೈತುಂಬ ಹಣ ಕೊಟ್ಟು, ಸಂಜೆಗೆ ಒಂದು ರೈಲನ್ನು ಮಾತ್ರ ಒದಗಿಸಿದ್ದರು.

ಯುದ್ಧ ಮುಗಿಯಿತು, ಕಾರ್ಖಾನೆ ಮುಚ್ಚಿತು. ಪಾನಗೃಹಗಳು ಮಾತ್ರ ಸರ್ಕಾರದ ವಶದಲ್ಲಿಯೇ ಉಳಿದುವು. ೧೯೨೧ರ ಪರವಾನಗಿ ಶಾಸನದಿಂದ ಕೇಂದ್ರಮಂಡಲಿಯು ರದ್ದಾಗಿ, ಇಂಗ್ಲೆಂಡಿನ ಕಡೆಯ ಪಾನಗೃಹಗಳು ಗೃಹಮಂತ್ರಿಯ ಕೈಗೂ ಸ್ಕಾಟ್ಲೆಂಡಿನ ಕಡೆಯವು ಸ್ಕಾಟ್ಲೆಂಡಿನ ಮಂತ್ರಿಯ ಕೈಗೂ ಬಂದುವು. ಹ್ಯಾರಿ ರೆಡ್‌ಫರ್ನ್ ಎಂಬ ವಾಸ್ತುಶಿಲ್ಪಿಯು ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅಲ್ಲಿ ಕಟ್ಟಿದ ವಿಶಾಲವೂ ಬೆಳಕುಳ್ಳವೂ ಆದ ಮಾದರಿ ಪಾನಗೃಹಗಳು ಇಂದಿಗೂ ನೋಡುವಂತಿವೆ. ೧೯೭೧ರಲ್ಲಿ ಎಡ್ವರ್ಡ್ ಹೀತನ ಸರ್ಕಾರವು ಈ ಆಸ್ತಿಯನ್ನು ಮಾರಲು ಶಾಸನವನ್ನು ತಂದಿತು. ೧೯೭೩ರ ವೇಳೆಗೆ ಹರಾಜುಗಳೂ ವಿಕ್ರಯಗಳೂ ಮುಗಿದು, ಐವತ್ತೇಳು ವರ್ಷ ನಿಶ್ಚಿತ ಸಂಬಳದವರು ನಡೆಸಿದ್ದ ಪಾನಗೃಹಗಳು ಮತ್ತೆ ಮಾರಾಟದ ಲಾಭವನ್ನು ನಂಬಿದ ಖಾಸಗಿ ವ್ಯಾಪಾರಿಗಳ ಪಾಲಾದುವು.